ಬಂಡೆ ಮಾಡುತ್ತಿದ್ದ ಕೆಲಸ

ಬೆಳಗಿನ ಜಾವ ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತರೆ ಒಂದು ಊರಿಗೆ ಊರೇ ಎದ್ದು ಹೊರಟಂತೆ ಕಾಣುತ್ತದೆ. ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಬೋಗಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಒಂದೇ ಸೀಟಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು. ತೊಡೆಯ ಮೇಲೆ ಊಟದ ಡಬ್ಬಿ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಬಾಗಿಲ ಬಳಿ ನಿಂತವರು ನಿಂತಲ್ಲೇ ತೂಕಡಿಸುತ್ತಾರೆ. ಟೇಕಲ್, ಮಾಲೂರು ಕಳೆದು ವೈಟ್‌ಫೀಲ್ಡ್ ಬಂದಾಗ ಒಂದಿಷ್ಟು ಜನ ಇಳಿಯುತ್ತಾರೆ, ಕೆ.ಆರ್. ಪುರದಲ್ಲಿ ಇನ್ನಷ್ಟು, ಉಳಿದವರು ಕಂಟೋನ್ಮೆಂಟ್, ಮೆಜೆಸ್ಟಿಕ್. ಸಂಜೆ ಇದೇ ಜನ ಇದೇ ಹಳಿಯ ಮೇಲೆ ವಾಪಸ್ಸು.

ಈ ಹಳಿ ಹಾಕಿದ್ದು ಕೆಜಿಎಫ್‌ಗಾಗಿ, ಅಂದರೆ ಕೋಲಾರದ ಚಿನ್ನದ ಗಣಿಗಾಗಿ. ಬಂಗಾರಪೇಟೆ ಆಗಿನ್ನೂ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಕಾಲ. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ರೈಲು ಓಡತೊಡಗಿದಾಗ ಯಂತ್ರ, ಕಲ್ಲಿದ್ದಲು, ಮರಮುಟ್ಟು ಒಳಗೆ ಹೋಗುತ್ತಿದ್ದವು, ಚಿನ್ನ ಹೊರಗೆ ಬರುತ್ತಿತ್ತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದ ಮೇಲೆ ಹಳಿಯ ಮೇಲೆ ಹೋಗಿಬರುವುದು ಮನುಷ್ಯರು ಮಾತ್ರ.

ಹಿಂದಕ್ಕೆ, ರೈಲು ಹೊರಟ ಕಡೆಗೆ, ಒಮ್ಮೆ ಹೋಗಿ ನೋಡಿ. ಚಾಂಪಿಯನ್ ರೀಫ್ಸ್ ಕಡೆ ನಡೆದರೆ ಶಾಫ್ಟುಗಳ ಮೇಲಿನ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ಅವುಗಳ ನೆತ್ತಿಯ ಚಕ್ರಗಳ ಮೇಲೆಯೇ ಗಣಿಯೊಳಗೆ ಇಳಿಯುವ ಕೇಜಿನ ಹಗ್ಗ ಓಡಾಡುತ್ತಿದ್ದದ್ದು. ಕಾರ್ಮಿಕರ ‘ಲೈನು’ಗಳಲ್ಲಿ ತಗ್ಗು ಮನೆಗಳ ಸಾಲು, ಮನೆ ಮುಂದೆ ರಂಗೋಲಿ, ನಲ್ಲಿಯ ಬಳಿ ಕೊಡಗಳು. ಇದೆಲ್ಲಕ್ಕೂ ಹಿನ್ನೆಲೆಯಾಗಿ ಸೈನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಒಂದು ಶತಮಾನ ಕಾಲ ಸುರಿದು ಸುರಿದು ಬೆಳೆದ ಬೂದು ಬಿಳುಪಿನ ಗುಡ್ಡಗಳಿವು. ಮಳೆ ನೀರು ಕೊರೆದ ಸಾಲುಗಳು ಮೈತುಂಬ ಕಾಣುತ್ತವೆ. ಗಾಳಿ ಎದ್ದ ದಿನ ಈ ಧೂಳು ಮನೆಯೊಳಗೂ ಬರುತ್ತದೆ, ಎದೆಯೊಳಗೂ ಇಳಿಯುತ್ತದೆ.

ಚಿನ್ನದ ಕಥೆ ನಾಡಿಗೆ ಗೊತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಹರಿದು ಬಂದದ್ದು, ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಿದ್ದದ್ದು, ಅದಕ್ಕಾಗಿ ಬಂಡೆ ಸಿಡಿತದಲ್ಲಿ ಜನ ಜೀವ ತೆತ್ತದ್ದು, ಎಲ್ಲವೂ ಪುಸ್ತಕಗಳಲ್ಲಿದೆ, ಸಿನಿಮಾ ಬಂದ ಮೇಲಂತೂ ಮನೆಮನೆಗೂ ತಲುಪಿದೆ. ಅಷ್ಟು ಪ್ರಚಾರ ಸಿಗದ ಇನ್ನೊಂದು ಕಥೆ ಇದೇ ನೆಲದ ಕೆಳಗಿದೆ. ಇವತ್ತು ಬೆಂಗಳೂರಿನಲ್ಲಿ ಕುಳಿತು ಬಾಹ್ಯಾಕಾಶದ ದೂರದರ್ಶಕಗಳನ್ನು ನಡೆಸುವ, ಅವು ಕಳಿಸುವ ರಾಶಿ ಅಂಕಿಗಳನ್ನು ಗಣಕದಲ್ಲಿ ಹಸನು ಮಾಡುವ ಒಂದು ವೃತ್ತಿ ಬೆಳೆದಿದೆಯಲ್ಲ, ಅದರ ಮೊದಲ ಪಾಠಶಾಲೆಗಳಲ್ಲಿ ಒಂದು ಕೆಜಿಎಫ್. ಆಕಾಶ ಒಂದಿಷ್ಟೂ ಕಾಣದ ಜಾಗದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಆ ಪಾಠ ನಡೆಯಿತು.

ಅಂಗೈಯನ್ನು ಬಿಸಿಲಿಗೆ ಚಾಚಿ ನಿಂತುಕೊಳ್ಳಿ. ಒಂದು ಸೆಕೆಂಡಿನೊಳಗೆ ಒಂದಾದರೂ ಮ್ಯೂಯಾನ್ ಎಂಬ ಕಣ ಅದರ ಮೂಲಕ ಹಾದು ಹೋಗಿರುತ್ತದೆ. ಎಲ್ಲೋ ದೂರದ ನಕ್ಷತ್ರಲೋಕದಿಂದ ಬಂದ ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಹಗಲೂ ರಾತ್ರಿ, ಮನೆಯೊಳಗೂ ಹೊರಗೂ ಈ ಮಳೆ ನಿಲ್ಲುವುದಿಲ್ಲ. ಅದು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು 1951ರಲ್ಲಿ ಕೋಲಾರದ ಗಣಿಗೆ ಇಳಿದವರು ಬಿ.ವಿ. ಶ್ರೀಕಂಠನ್. ನಂಜನಗೂಡಿನ ಹುಡುಗ. ಹುಟ್ಟಿದ್ದು 1925ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ವೈರ್‌ಲೆಸ್ ವಿಷಯದಲ್ಲಿ ಎಂ.ಎಸ್ಸಿ. ಮಾಡಿ, 1948ರಲ್ಲಿ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆ ಸೇರಿದ್ದರು. ಗಣಿಗೆ ಹೋಗಿ ಮ್ಯೂಯಾನ್ ಅಳೆಯುವ ಕೆಲಸ ಕೊಟ್ಟವರು ಹೋಮಿ ಭಾಭಾ. ಮೈಸೂರು ಸೀಮೆಯ ಹುಡುಗನಿಗೆ ಮೈಸೂರು ರಾಜ್ಯದ ಗಣಿಯೇ ಪ್ರಯೋಗಶಾಲೆಯಾಯಿತು.

ಅವರು ಒಯ್ದದ್ದು ಗೈಗರ್ ಕೌಂಟರುಗಳನ್ನು. ಒಳಗೆ ಅನಿಲ ತುಂಬಿದ ಕೊಳವೆ. ಕಣ ಹಾದರೆ ಒಂದು ವಿದ್ಯುತ್ ಮಿಡಿತ ಕೊಡುತ್ತದೆ. ತೊಂದರೆ ಏನೆಂದರೆ ಕೊಳವೆ ಯಾವುದಕ್ಕಾದರೂ ಮಿಡಿಯುತ್ತದೆ. ಗಣಿಯ ಬಂಡೆಯಲ್ಲೇ ಇರುವ ವಿಕಿರಣಕ್ಕೂ ಮಿಡಿಯುತ್ತದೆ, ಸುಮ್ಮಸುಮ್ಮನೆಯೂ ಮಿಡಿಯುತ್ತದೆ. ಹಾಗಾಗಿ ಕೊಳವೆಗಳ ತಟ್ಟೆಗಳನ್ನು ಒಂದರ ಕೆಳಗೊಂದು ಜೋಡಿಸಿ, ಎಲ್ಲವೂ ಒಂದೇ ಕ್ಷಣಕ್ಕೆ ಮಿಡಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುವ ಸರ್ಕಿಟ್ ಕಟ್ಟುತ್ತಾರೆ. ಹೀಗೆ ಜೋಡಿಸಿದ ಸಲಕರಣೆಗೆ ವಿಶ್ವಕಿರಣದವರು ‘ಟೆಲಿಸ್ಕೋಪು’ ಎಂದೇ ಕರೆಯುವುದು, ಏಕೆಂದರೆ ಕಣ ಯಾವ ದಿಕ್ಕಿನಿಂದ ಬಂತು ಎಂಬುದು ಅದರಿಂದ ತಿಳಿಯುತ್ತದೆ. ಮಸೂರ ಇಲ್ಲ, ಕನ್ನಡಿ ಇಲ್ಲ. ಸುಳ್ಳು ಮಿಡಿತ ಯಾವುದು, ನಿಜವಾದ ಮಿಡಿತ ಯಾವುದು ಎಂದು ಬೇರ್ಪಡಿಸುವ ಜಾಣತನ ಮಾತ್ರ ಇದೆ. ಈ ಅಳತೆಗಳ ಮೇಲೆಯೇ ಶ್ರೀಕಂಠನ್ 1954ರಲ್ಲಿ ಪಿಎಚ್.ಡಿ. ಪಡೆದರು.

ಅರವತ್ತರ ದಶಕಕ್ಕೆ ಬರುವ ಹೊತ್ತಿಗೆ ಅಳತೆ ಇನ್ನೂ ಕೆಳಗೆ ಹೋಯಿತು. ಜಪಾನಿನ ಸಬುರೊ ಮಿಯಾಕೆ, ನಮ್ಮವರೇ ಆದ ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಒಂದೊಂದೇ ಮಟ್ಟ ಇಳಿಯುತ್ತಾ ಕೌಂಟರುಗಳನ್ನು ಇಟ್ಟು ನೋಡಿದರು. ಇಳಿದಂತೆಲ್ಲ ಮ್ಯೂಯಾನ್ ವಿರಳವಾಯಿತು. ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳ ಹತ್ತಿರ ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಬೇರೆ ಯಾವುದೇ ಪ್ರಯೋಗದಲ್ಲಿ ಏನೂ ಸಿಗದಿದ್ದರೆ ಅದು ಸೋಲು. ಇಲ್ಲಿ ಸಿಕ್ಕ ಸೊನ್ನೆ ಬಹಳ ಬೆಲೆಬಾಳುವ ಸೊನ್ನೆ. ಅಂದರೆ ಕೋಲಾರದ ತಳದಲ್ಲಿ ವಿಶ್ವಕಿರಣಗಳ ಗದ್ದಲ ಮುಟ್ಟದ ಜಾಗವೊಂದಿದೆ. ಅಲ್ಲಿ ಕೂತು ಕಾದರೆ ಬಂಡೆ ತಡೆಯಲಾರದ ಒಂದೇ ಒಂದು ಕಣವನ್ನು, ನ್ಯೂಟ್ರಿನೊವನ್ನು, ಹಿಡಿಯಬಹುದು.

ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, ಸುಮಾರು 2,300 ಮೀಟರ್ ಕೆಳಗೆ, ಆ ಕೋಣೆ ಸಿದ್ಧವಾಯಿತು. ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯ ಮೂರೂ ಸೇರಿದ ಕೆಲಸ. ನೆತ್ತಿಯ ಮೇಲಿನ ಬಂಡೆಯ ಭಾರ ಏಳು ಕಿಲೋಮೀಟರ್ ಆಳದ ನೀರಿಗೆ ಸಮ. ಗಣಿಯ ತೀರಾ ಆಳದ ಜಾಗಗಳಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿ ಊದದೆ ಅಲ್ಲಿ ಮನುಷ್ಯ ನಿಲ್ಲುವಂತಿರಲಿಲ್ಲ. ಅಂಥ ಪಾತಾಳಕ್ಕೆ ಗಾಜಿನ ಸಾಮಾನು ಇಳಿಯಿತು. ಎದುರುಬದುರು ಎರಡು ಗೋಡೆಗಳಂತೆ ನಿಲ್ಲಿಸಿದ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು. ಕಣ ಹಾದಾಗ ಅವು ಕಾಣದಷ್ಟು ಮಿನುಗುತ್ತವೆ, ಆ ಮಿನುಗನ್ನು ಫೋಟೊಮಲ್ಟಿಪ್ಲಯರ್ ಹಿಡಿಯುತ್ತದೆ. ನಡುವೆ ಸೀಸದ ಪದರ, ನಿಯಾನ್ ತುಂಬಿದ ಉದ್ದನೆಯ ಗಾಜಿನ ಕೊಳವೆಗಳ ಸಾಲು ಸಾಲು. ಎರಡೂ ಗೋಡೆ ಒಟ್ಟಿಗೆ ಮಿಡಿದ ಕೂಡಲೇ ಕೊಳವೆಗಳಿಗೆ ಹೈವೋಲ್ಟೇಜ್ ಹರಿಯುತ್ತದೆ. ಕಣ ಹಾದ ದಾರಿಯಲ್ಲಿದ್ದ ಕೊಳವೆಗಳಷ್ಟೇ ಕೆಂಪಗೆ ಹೊತ್ತಿಕೊಳ್ಳುತ್ತವೆ. ಕ್ಯಾಮರಾ ಆ ಗೆರೆಯನ್ನು ಫಿಲ್ಮಿಗೆ ಇಳಿಸಿಕೊಳ್ಳುತ್ತದೆ. ಗೆರೆ ಮೇಲಿನಿಂದ ಕೆಳಗೆ ನೆಟ್ಟಗಿದ್ದರೆ ಬಂಡೆ ದಾಟಿ ಬಂದ ಮ್ಯೂಯಾನ್ ಇರಬಹುದು. ಅಡ್ಡಡ್ಡಲಾಗಿದ್ದರೆ? ಅಡ್ಡಕ್ಕೆ ಬರಬೇಕಾದರೆ ಹತ್ತಾರು ಕಿಲೋಮೀಟರ್ ಬಂಡೆ ಸೀಳಬೇಕು. ಅದು ಯಾವ ಮ್ಯೂಯಾನಿಗೂ ಆಗದ ಮಾತು. ಆ ಗೆರೆ ಎಳೆದ ಕಣ ಅಲ್ಲೇ ಪಕ್ಕದ ಬಂಡೆಯಲ್ಲಿ ಹುಟ್ಟಿದ್ದು, ಹುಟ್ಟಿಸಿದ್ದು ನ್ಯೂಟ್ರಿನೊ.

1965ರಲ್ಲಿ ಅಂಥ ಅಡ್ಡ ಗೆರೆಗಳು ಸಿಕ್ಕವು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಇರವನ್ನು ಜಗತ್ತಿಗೆ ಮೊದಲು ಪ್ರಕಟಿಸಿ ತೋರಿಸಿದ ಪ್ರಬಂಧ ಆ ವರ್ಷದ ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಸಂಚಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ತಂಡದ ಪ್ರಬಂಧ ಬಂದದ್ದು ಎರಡು ವಾರದ ಮೇಲೆ. ನಮ್ಮ ಪ್ರಬಂಧದ ಮೇಲೆ ಹನ್ನೊಂದು ಹೆಸರುಗಳಿವೆ: ಭಾರತದ ಐವರು, ಜಪಾನಿನ ಇಬ್ಬರು, ಇಂಗ್ಲೆಂಡಿನ ನಾಲ್ವರು. ಶ್ರೀಕಂಠನ್ ಅವರಲ್ಲೊಬ್ಬರು. ಇನ್ನೊಬ್ಬರು ಎಂ.ಜಿ.ಕೆ. ಮೆನನ್, ಮಂಗಳೂರಿನಲ್ಲಿ ಹುಟ್ಟಿದವರು, ಮುಂದೆ ಒಂದಷ್ಟು ತಿಂಗಳು ಇಸ್ರೋದ ಚುಕ್ಕಾಣಿ ಹಿಡಿದವರು. ಸೀಸ, ಗಾಜು, ತಂತಿಗಳನ್ನು ಕೇಜಿನಲ್ಲಿಟ್ಟು ಜೋಪಾನವಾಗಿ ಇಳಿಸಿದವರು, ಗಾಳಿ ಊದುವ ಯಂತ್ರ ನಿಲ್ಲದಂತೆ ನೋಡಿಕೊಂಡವರು, ಶಾಫ್ಟಿನ ಬಾಯಲ್ಲಿ ಗಂಟೆ ಬಾರಿಸಿದವರು ಕೆಜಿಎಫ್‌ನ ಗಣಿ ಕಾರ್ಮಿಕರು. ಅವರಿಲ್ಲದೆ ಆ ಹನ್ನೊಂದು ಜನ ನೆಲದ ಮೇಲೆಯೇ ಉಳಿಯುತ್ತಿದ್ದರು. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ. ಆ ಆಳಕ್ಕೆ ದಾರಿ ಇದ್ದದ್ದೇ ಚಿನ್ನ ಅಗೆದವರ ದೆಸೆಯಿಂದ.

ಮುಂದೆ 1980ರ ಕೊನೆಗೆ ಇದೇ ಆಳದಲ್ಲಿ 140 ಟನ್ ತೂಕದ ಇನ್ನೊಂದು ಸಲಕರಣೆ ಎದ್ದಿತು. ಪ್ರೋಟಾನ್ ಎಂಬ ಕಣ ಎಂದಾದರೂ ತಾನಾಗಿ ಅಳಿಯುತ್ತದೆಯೇ ಎಂದು ಕಾದು ನೋಡುವ ಪ್ರಯೋಗ. ಕಬ್ಬಿಣದ ತಗಡುಗಳ ನಡುವೆ 34 ಪದರಗಳಲ್ಲಿ ಸುಮಾರು 1,600 ಪ್ರೊಪೋರ್ಷನಲ್ ಕೌಂಟರುಗಳು. ಅನಿಲ ತುಂಬಿದ ಪೆಟ್ಟಿಗೆ, ನಡುವೆ ಎಳೆದ ತಂತಿ. ಕಣ ಎಷ್ಟು ಶಕ್ತಿ ಬಿಟ್ಟು ಹೋಯಿತೋ ಅದಕ್ಕೆ ತಕ್ಕ ಮಿಡಿತ. ಪ್ರೋಟಾನ್ ಅಳಿವಿನ ಗಟ್ಟಿ ಸಾಕ್ಷಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಇದೇ ಹುಡುಕಾಟಕ್ಕಾಗಿ ಜಪಾನಿನ ಕಾಮಿಯೊಕ ಗಣಿಯಲ್ಲಿ ಕಟ್ಟಿದ ನೀರಿನ ತೊಟ್ಟಿ 1987ರಲ್ಲಿ ಸೂಪರ್‌ನೋವಾದ ನ್ಯೂಟ್ರಿನೊ ಹಿಡಿದು, ಮಸಾಟೊಶಿ ಕೊಶಿಬಾ ಅವರಿಗೆ 2002ರ ನೊಬೆಲ್ ತಂದಿತು. ಕೋಲಾರದ ಪ್ರಯೋಗ 1992ರಲ್ಲಿ ನಿಂತಿತು. ಆದರೆ ಆ ಅನಿಲದ ಪೆಟ್ಟಿಗೆಯನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಪಾತಾಳದಲ್ಲಿ ಕಣ ಎಣಿಸಿದ ಶ್ರೀಕಂಠನ್ ಅರವತ್ತರ ದಶಕದ ಕೊನೆಗೆ ತಲೆಯೆತ್ತಿ ನೋಡಿದರು. ಆಗಿನ್ನೂ ಕ್ಷ-ಕಿರಣ ಖಗೋಳವಿಜ್ಞಾನ ಹುಟ್ಟಿ ಐದಾರು ವರ್ಷ. ನಕ್ಷತ್ರಗಳ ಕ್ಷ-ಕಿರಣಕ್ಕೆ ನಮ್ಮ ಗಾಳಿಯೇ ಗೋಡೆ, ಅದು ನೆಲ ಮುಟ್ಟುವುದಿಲ್ಲ. ಹಾಗಾಗಿ ಹೈದರಾಬಾದಿನಿಂದ ದೊಡ್ಡ ಬಲೂನುಗಳಿಗೆ ಸಲಕರಣೆ ಕಟ್ಟಿ ಮೇಲೆ ಕಳಿಸಿದರು. 1968ರಲ್ಲಿ ಟಾಟಾ ಸಂಸ್ಥೆಯ ತಂಡ ವೃಶ್ಚಿಕ ರಾಶಿಯ ಪ್ರಖರ ಕ್ಷ-ಕಿರಣ ಮೂಲವನ್ನು ಹೀಗೆ ಅಳೆಯಿತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರಲ್ಲಿ ಹಾರಿದ ಆರ್ಯಭಟದಲ್ಲೂ ಕ್ಷ-ಕಿರಣದ ಸಲಕರಣೆ ಇತ್ತು. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದ ಮೇಲೆ ಇನ್ನೊಂದು ಹೋಯಿತು. ಕೊನೆಗೆ 2015ರ ಸೆಪ್ಟೆಂಬರ್ 28ರ ಬೆಳಿಗ್ಗೆ ಶ್ರೀಹರಿಕೋಟದಿಂದ ಆಸ್ಟ್ರೋಸ್ಯಾಟ್ ಹಾರಿತು. ಪೂರ್ತಿಯಾಗಿ ಖಗೋಳ ವೀಕ್ಷಣೆಗೆಂದೇ ಭಾರತ ಕಟ್ಟಿದ ಮೊದಲ ಉಪಗ್ರಹ ಅದು. ತೂಕ 1,515 ಕಿಲೋ, ಸುತ್ತುವ ಎತ್ತರ 650 ಕಿಲೋಮೀಟರ್. ಅದನ್ನು ನೋಡಿದ ಮೇಲೆಯೇ ಮೆನನ್ 2016ರಲ್ಲೂ ಶ್ರೀಕಂಠನ್ 2019ರಲ್ಲೂ ತೀರಿಕೊಂಡರು.

ಕೋಲಾರದಿಂದ ಬೆಂಗಳೂರಿಗೆ ರೈಲು ಬಿಟ್ಟು ಬಸ್ಸು ಹಿಡಿದರೆ ನರಸಾಪುರದ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಹೊಸಕೋಟೆ ಬರುತ್ತದೆ. ದಾರಿಬದಿಯಲ್ಲಿ ದ್ರಾಕ್ಷಿ ಚಪ್ಪರ, ಗುಲಾಬಿ ತೋಟ, ನೀಲಗಿರಿ ತೋಪು. ಇಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಆವರಣವಿದೆ. ಅದರೊಳಗಿನ ಬಾಹ್ಯಾಕಾಶ ಪ್ರಯೋಗಾಲಯದ ಹೆಸರು ಎಂ.ಜಿ.ಕೆ. ಮೆನನ್ ಪ್ರಯೋಗಾಲಯ. ಕೋಲಾರದ ತಳದಲ್ಲಿ ದುಡಿದವರ ಹೆಸರು ಕೋಲಾರದ ದಾರಿಯ ಊರಲ್ಲೇ ಇರುವುದು ನನಗೆ ತುಂಬ ಸಂತೋಷ ಕೊಡುವ ಸಂಗತಿ. ಆಸ್ಟ್ರೋಸ್ಯಾಟಿನ ಅತಿನೇರಳೆ ದೂರದರ್ಶಕ ‘ಯುವಿಟ್’ ಜೋಡಣೆಯಾದದ್ದು ಇಲ್ಲಿ. 37.5 ಸೆಂಟಿಮೀಟರ್ ಅಗಲದ ಎರಡು ದೂರದರ್ಶಕಗಳು ಜೋಡಿಯಾಗಿ. ಅತಿನೇರಳೆಗೆ ಧೂಳಿಗಿಂತ ದೊಡ್ಡ ಶತ್ರು ಆವಿ. ಯಾವುದೋ ಎಣ್ಣೆಯ, ಅಂಟಿನ ಆವಿ ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕುಳಿತರೂ ಬೆಳಕು ಸತ್ತಂತೆಯೇ. ಕಣ್ಣು ಬಿಟ್ಟು ಮೈಯೆಲ್ಲ ಮುಚ್ಚುವ ಬಿಳಿ ಉಡುಪು ತೊಟ್ಟವರು ಸೋಸಿದ ಗಾಳಿಯ ಕೋಣೆಯಲ್ಲಿ ಇದನ್ನು ಕಟ್ಟಿದರು. ಮೇಲೆ ಹೋದ ಮೇಲೂ ಎರಡು ತಿಂಗಳು ಮುಚ್ಚಳ ತೆರೆಯಲಿಲ್ಲ. ಉಪಗ್ರಹದ ಮೈಯಿಂದ ಹೊರಡುವ ಆವಿಯೆಲ್ಲ ಆರಿಹೋಗಲಿ ಎಂದು ಕಾದು, ನವೆಂಬರ್ 30ರಂದು ಬಾಗಿಲು ತೆರೆದಾಗ ಮೊದಲು ಕಂಡದ್ದು ಎನ್‌ಜಿಸಿ 188 ಎಂಬ ನಕ್ಷತ್ರಗುಚ್ಛ. ಸೂರ್ಯನ ಕರೋನಾ ನೋಡುವ ಆದಿತ್ಯ-ಎಲ್1ರ ಮುಖ್ಯ ಸಲಕರಣೆ ‘ವೆಲ್ಕ್’ ತಯಾರಾದದ್ದೂ ಇದೇ ಆವರಣದಲ್ಲಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ರಾತ್ರಿಯಿಡೀ ನಡೆಸುವುದೂ ಹೊಸಕೋಟೆಯ ಈ ಕೋಣೆಗಳಿಂದಲೇ, ಉಪಗ್ರಹ ಸಂಪರ್ಕದ ಮೂಲಕ. ಅಲ್ಲಿ ಹಿಮ ಕೊರೆಯುತ್ತಿರುತ್ತದೆ. ಇಲ್ಲಿ ಕುಳಿತವರ ಎದುರು ಗಣಕದ ಪರದೆ.

ದೂರದರ್ಶಕ ನಡೆಸುವ ವೃತ್ತಿ ಎಂದರೆ ಏನೆಂದು ತಿಳಿಯಲು ಪೀಣ್ಯದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್ ಕಡೆ ಬರಬೇಕು. ಆಸ್ಟ್ರೋಸ್ಯಾಟಿನ ನಿಯಂತ್ರಣ ಬೆಂಗಳೂರಿನ ಈ ಕೇಂದ್ರದ ಕೈಯಲ್ಲಿ. ಉಪಗ್ರಹ ಭೂಮಧ್ಯರೇಖೆಗೆ ಆರು ಡಿಗ್ರಿ ಓರೆಯಾಗಿ, ನೂರು ನಿಮಿಷಕ್ಕೆ ಸ್ವಲ್ಪ ಕಡಿಮೆ ಹೊತ್ತಿಗೆ ಒಂದು ಸುತ್ತು ಹಾಕುತ್ತದೆ. ಬೆಂಗಳೂರಿನ ಆಂಟೆನಾಗಳಿಗೆ ಅದು ಕಾಣಿಸುವುದು ಸುತ್ತಿಗೆ ಹತ್ತು ನಿಮಿಷದ ಆಸುಪಾಸು. ಆ ಹತ್ತು ನಿಮಿಷದಲ್ಲಿ ಅದರ ಆರೋಗ್ಯ ನೋಡಬೇಕು, ಮುಂದಿನ ಆಜ್ಞೆಗಳನ್ನು ಏರಿಸಬೇಕು, ಕೂಡಿಟ್ಟ ದತ್ತಾಂಶ ಇಳಿಸಿಕೊಳ್ಳಬೇಕು. ಮತ್ತೆ ಅದು ಕ್ಷಿತಿಜದಾಚೆ.

ಎತ್ತ ತಿರುಗಿಸಬೇಕು ಎಂಬುದೇ ದೊಡ್ಡ ಲೆಕ್ಕ. ವಿಜ್ಞಾನಿಯೊಬ್ಬರು ಒಂದು ಗ್ಯಾಲಕ್ಸಿ ನೋಡಬೇಕೆಂದು ಅರ್ಜಿ ಹಾಕಿ, ಅದು ಮಂಜೂರಾಯಿತು ಎಂದಿಟ್ಟುಕೊಳ್ಳಿ. ಸೂರ್ಯ ಅದರ ಹತ್ತಿರ ಇರಕೂಡದು. ಉಪಗ್ರಹ ಓಡುವ ದಿಕ್ಕಿಗೇ ದೂರದರ್ಶಕದ ಬಾಯಿ ತೆರೆದಿರಕೂಡದು. ಆ ಎತ್ತರದಲ್ಲೂ ಇರುವ ಆಮ್ಲಜನಕದ ಪರಮಾಣುಗಳು ಎದುರಿನಿಂದ ಬಡಿದು ಕನ್ನಡಿಯ ಲೇಪ ಕೆಡಿಸುತ್ತವೆ. ಅತಿನೇರಳೆಯಲ್ಲಿ ಉರಿಯುವ ನಕ್ಷತ್ರವೊಂದು ಪಕ್ಕದಲ್ಲಿದ್ದರೆ ಸೂಕ್ಷ್ಮ ಡಿಟೆಕ್ಟರಿಗೆ ಪೆಟ್ಟು. ಆದ್ದರಿಂದ ಪ್ರತಿ ಅರ್ಜಿಯ ಆಕಾಶದ ತುಣುಕನ್ನೂ ಹಳೆಯ ನಕ್ಷತ್ರಪಟ್ಟಿಗಳೊಂದಿಗೆ ತಾಳೆ ನೋಡುತ್ತಾರೆ. ಯುವಿಟ್ ನೋಡುವುದು ಉಪಗ್ರಹ ಭೂಮಿಯ ನೆರಳಿನಲ್ಲಿರುವ ಅರ್ಧ ಗಂಟೆ ಮಾತ್ರ. ದಕ್ಷಿಣ ಅಟ್ಲಾಂಟಿಕ್ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿರುವ ಒಂದು ಪ್ರದೇಶವಿದೆ. ಅಲ್ಲಿ ವಿದ್ಯುತ್ ಕಣಗಳ ದಟ್ಟಣೆ ಜಾಸ್ತಿ, ಅದು ಬರುವ ಮೊದಲೇ ಹೈವೋಲ್ಟೇಜ್ ಇಳಿಸಬೇಕು. ಇಷ್ಟೆಲ್ಲ ನಿಬಂಧನೆ ದಾಟಿ ಉಳಿದ ನಿಮಿಷಗಳನ್ನು ಗಣಕ ಜೋಡಿಸಿಕೊಡುತ್ತದೆ, ಮನುಷ್ಯರು ಮತ್ತೆ ಮತ್ತೆ ಪರಿಶೀಲಿಸುತ್ತಾರೆ. ಮೇಲೆ ಹೋಗಿ ರಿಪೇರಿ ಮಾಡುವಂತಿಲ್ಲ. ಒಂದು ತಪ್ಪು ಆಜ್ಞೆ ಹೋದರೆ ಹೋಯಿತು.

ಇಳಿದ ದತ್ತಾಂಶ ಬೆಂಗಳೂರಿನ ಹೊರಗಿನ ಬ್ಯಾಲಾಳು ಗ್ರಾಮದಲ್ಲಿರುವ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರಕ್ಕೆ ಸೇರುತ್ತದೆ. ಅಲ್ಲಿಂದ ಮುಂಬಯಿ, ಪುಣೆ, ಬೆಂಗಳೂರಿನ ಆಯಾ ಸಲಕರಣೆಯ ತಂಡಗಳಿಗೆ. ಕೋಲಾರದ ಪಾಠ ನೇರವಾಗಿ ಕಾಣುವುದು ಇಲ್ಲಿ.

ಚಾಂಪಿಯನ್ ರೀಫಿನವರು ವಿಶ್ವಕಿರಣಗಳ ಗದ್ದಲ ತಪ್ಪಿಸಿಕೊಳ್ಳಲು 2,300 ಮೀಟರ್ ಬಂಡೆಯ ಕೆಳಗೆ ಹೋಗಿ ಕೂತಿದ್ದರು. ಆಸ್ಟ್ರೋಸ್ಯಾಟಿನ ತಲೆಯ ಮೇಲೆ ಬಂಡೆ ಹೋಗಲಿ, ಗಾಳಿಯೂ ಇಲ್ಲ. ವಿಶ್ವಕಿರಣ ಸೀದಾ ಬಂದು ಬಡಿಯುತ್ತದೆ. ಹಾಗಿದ್ದರೆ ಬಂಡೆ ಮಾಡುತ್ತಿದ್ದ ಕೆಲಸ ಯಾರು ಮಾಡಬೇಕು? ಅರ್ಧ ಭಾಗವನ್ನು ಸಲಕರಣೆಯ ಕಟ್ಟೋಣ ಮಾಡುತ್ತದೆ, ಉಳಿದರ್ಧವನ್ನು ಗಣಕ. ನೆನಪಿಟ್ಟುಕೊಳ್ಳಿ ಎಂದಿದ್ದ ಅನಿಲದ ಪೆಟ್ಟಿಗೆ ಇಲ್ಲಿ ಮತ್ತೆ ಬರುತ್ತದೆ. ಆಸ್ಟ್ರೋಸ್ಯಾಟಿನ ‘ಲ್ಯಾಕ್ಸ್‌ಪಿಸಿ’ ಎಂಬ ಸಲಕರಣೆ ಕ್ಸೆನಾನ್ ತುಂಬಿದ ಮೂರು ದೊಡ್ಡ ಪ್ರೊಪೋರ್ಷನಲ್ ಕೌಂಟರುಗಳು. ತಯಾರಿಸಿದ್ದು ಟಾಟಾ ಸಂಸ್ಥೆಯೇ. ಕೋಲಾರದಲ್ಲಿ ಎರಡು ಗೋಡೆ ಒಟ್ಟಿಗೆ ಮಿಡಿದರೆ ಸ್ವೀಕಾರ, ಇಲ್ಲಿ ತಿರುವುಮುರುವು. ಅಂಚಿನ ಪದರವೂ ನಡುವಿನ ಪದರವೂ ಒಟ್ಟಿಗೆ ಮಿಡಿದರೆ ಅದು ಹೊರಗಿನಿಂದ ತೂರಿ ಬಂದ ಕಣ, ತಿರಸ್ಕಾರ. ನಡುವೆ ಮಾತ್ರ ಮಿಡಿದರೆ ನಕ್ಷತ್ರದ ಕ್ಷ-ಕಿರಣ ಇರಬಹುದು, ಇಟ್ಟುಕೋ. ಇಟ್ಟುಕೊಂಡ ಪ್ರತಿ ಮಿಡಿತದ ಹೊತ್ತನ್ನೂ ಸೆಕೆಂಡಿನ ಲಕ್ಷದ ಒಂದು ಭಾಗದ ನಿಖರತೆಯಲ್ಲಿ ಗುರುತು ಹಾಕಿಡುತ್ತದೆ.

ಯುವಿಟ್‌ನಲ್ಲಿ ಶೋಧನೆ ಇನ್ನೂ ನವಿರು. ಅದು ಬೆಳಕನ್ನು ಫೋಟಾನ್ ಫೋಟಾನಾಗಿ ಎಣಿಸುತ್ತದೆ. ಒಂದು ಫೋಟಾನ್ ಬಿದ್ದರೆ ಒಂದು ಎಲೆಕ್ಟ್ರಾನ್ ಏಳುತ್ತದೆ; ಅದು ಸೂಕ್ಷ್ಮ ರಂಧ್ರಗಳ ಬಿಲ್ಲೆಯೊಳಗೆ ಸಾವಿರಗಟ್ಟಲೆಯಾಗಿ ಹೆಚ್ಚಿ ಪರದೆಯ ಮೇಲೆ ಒಂದು ಚುಕ್ಕೆಯಾಗಿ ಮಿನುಗುತ್ತದೆ. ಸೆಕೆಂಡಿಗೆ ಸುಮಾರು 29 ಬಾರಿ ಆ ಪರದೆಯನ್ನು ಓದಿ, ಚುಕ್ಕೆಯ ನಡುವನ್ನು ಒಂದು ಪಿಕ್ಸೆಲ್ಲಿನ 32ನೇ ಒಂದು ಪಾಲಿನವರೆಗೆ ಲೆಕ್ಕ ಹಾಕಿ ಕಳಿಸುತ್ತದೆ. ಯಾವುದಾದರೂ ಒಂದು ಓದಿನಲ್ಲಿ ಇದ್ದಕ್ಕಿದ್ದಂತೆ ಚುಕ್ಕೆಗಳ ಸುರಿಮಳೆಯಾದರೆ ಅದು ನಕ್ಷತ್ರದ್ದಲ್ಲ, ವಿಶ್ವಕಿರಣ ಬಡಿದದ್ದು. ಆ ಓದನ್ನೇ ತೆಗೆದುಹಾಕಬೇಕು. ಅಷ್ಟಕ್ಕೆ ಮುಗಿಯುವುದಿಲ್ಲ. ಉಪಗ್ರಹ ಒಂದೇ ಕಡೆ ನೆಟ್ಟ ನೋಟದಲ್ಲಿ ನಿಲ್ಲಲಾರದು, ಸದಾ ಸ್ವಲ್ಪ ತೂಗಾಡುತ್ತದೆ. ಫೋಟಾನುಗಳನ್ನು ಹಾಗೆಯೇ ಗುಡ್ಡೆ ಹಾಕಿದರೆ ನಕ್ಷತ್ರವೆಲ್ಲ ಗೀಚು ಗೀಚಾಗುತ್ತದೆ. ಅದಕ್ಕೆಂದೇ ಕಣ್ಣಿಗೆ ಕಾಣುವ ಬೆಳಕಿನ ಮೂರನೆಯ ಕ್ಯಾಮರಾ ಒಂದಿದೆ. ಅದು ಅದೇ ಆಕಾಶವನ್ನು ಸೆಕೆಂಡು ಸೆಕೆಂಡಿಗೂ ಚಿತ್ರ ತೆಗೆಯುತ್ತದೆ. ಬೆಂಗಳೂರಿನಲ್ಲಿ ತಂತ್ರಾಂಶ ಆ ಚಿತ್ರಗಳಿಂದ ಉಪಗ್ರಹ ಯಾವ ಗಳಿಗೆ ಎತ್ತ ವಾಲಿತ್ತು ಎಂದು ಕಂಡುಹಿಡಿದು, ಪ್ರತಿ ಅತಿನೇರಳೆ ಫೋಟಾನನ್ನೂ ಅದರ ಸರಿಯಾದ ಜಾಗಕ್ಕೆ ಸರಿಸುತ್ತದೆ. ಮೊರದಲ್ಲಿ ಅಕ್ಕಿ ಕೇರುವ ಹಾಗೆ ಇದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಕೇರಿ, ಆರಿಸಿ, ಮತ್ತೆ ಕೇರಬೇಕು. ಇಷ್ಟಾದ ಮೇಲೆ ಉಳಿಯುವ ಚಿತ್ರ ಅಮೆರಿಕದ ಗೇಲೆಕ್ಸ್ ದೂರದರ್ಶಕದ ಚಿತ್ರಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟ. 2020ರಲ್ಲಿ ಪುಣೆಯ ಅಯುಕಾ ಸಂಸ್ಥೆಯ ಕನಕ್ ಸಹಾ ಅವರ ತಂಡ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರ ತೀವ್ರ ಅತಿನೇರಳೆ ಬೆಳಕನ್ನು ಗುರುತಿಸಿದ್ದು ಈ ಪುಟ್ಟ ಕನ್ನಡಿಯ ಬಲದಿಂದ, ಅದಕ್ಕಿಂತ ಹೆಚ್ಚಾಗಿ ಈ ಶುಚಿ ಮಾಡುವ ಕೆಲಸದ ಬಲದಿಂದ.

ಸಲಕರಣೆಗೆ ವಯಸ್ಸಾಗುತ್ತದೆ. ಲ್ಯಾಕ್ಸ್‌ಪಿಸಿಯ ಮೂರರಲ್ಲಿ ಒಂದು ಪೆಟ್ಟಿಗೆಯಲ್ಲಿ ಅನಿಲ ಸೋರತೊಡಗಿ 2018ರಲ್ಲಿ ಅದನ್ನು ಆರಿಸಬೇಕಾಯಿತು. ಇನ್ನೊಂದರ ಮಿಡಿತ ಏರುಪೇರಾಯಿತು. ಯುವಿಟ್‌ನ ಒಂದು ಕಣ್ಣು ಅದೇ ವರ್ಷ ನಿಂತುಹೋಯಿತು. ಅನಿಲದ ಒತ್ತಡ ಇಳಿದಂತೆ ಮಿಡಿತದ ಅಳತೆ ಬದಲಾಗುತ್ತದೆ; ಇವತ್ತಿನ ಮಿಡಿತಕ್ಕೆ ಇವತ್ತಿನ ಕೋಷ್ಟಕ ಬೇಕು. ನಡೆಸುವವರು ವೋಲ್ಟೇಜ್ ಹೊಂದಿಸುತ್ತಾ, ಕೋಷ್ಟಕ ತಿದ್ದುತ್ತಾ, ಕೆಟ್ಟದ್ದನ್ನು ಬಿಟ್ಟು ಉಳಿದದ್ದರಲ್ಲಿ ಕೆಲಸ ತೆಗೆದರು. ಐದು ವರ್ಷಕ್ಕೆಂದು ಹಾರಿಸಿದ ಆಸ್ಟ್ರೋಸ್ಯಾಟ್ 2025ರ ಸೆಪ್ಟೆಂಬರಿಗೆ ಹತ್ತು ವರ್ಷ ತುಂಬಿಸಿತು. ಹೊಸ ಗ್ರಹ, ಹೊಸ ನಕ್ಷತ್ರ ಕಂಡವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಶಿಫ್ಟಿನ ಮೇಲೆ ಶಿಫ್ಟು ಕೂತು ಐದು ವರ್ಷವನ್ನು ಹತ್ತು ಮಾಡಿದವರ ಹೆಸರು ಬರುವುದು ಕಡಿಮೆ. ಖಗೋಳವಿಜ್ಞಾನಿಯ ಬದುಕಿನಲ್ಲಿ ಇದೇ ಹೆಚ್ಚು ತೂಕದ ಕೆಲಸ ಎಂದು ನಾನು ನಂಬಿದ್ದೇನೆ. ಶ್ರೀಕಂಠನ್ ಅವರಂಥವರು ಟಾಟಾ ಸಂಸ್ಥೆಯ ನಿರ್ದೇಶಕರಾಗುವ ಮಟ್ಟಕ್ಕೆ ಏರಿದರೂ ಅವರ ವಿಜ್ಞಾನದ ಬುನಾದಿ ಗಣಿಯ ಸುರಂಗದಲ್ಲಿ ಸುಳ್ಳು ಮಿಡಿತ ಸೋಸಿದ ಆ ದಿನಗಳೇ.

ಹೀತ್‌ಕೋಟ್ ಶಾಫ್ಟಿಗೆ ಈಗ ಇಳಿಯುವಂತಿಲ್ಲ. ಪಂಪು ನಿಂತ ಮೇಲೆ ಗಣಿಗಳೊಳಗೆ ನೀರು ತುಂಬಿತು. ಆದರೆ ಅಲ್ಲಿ ಕಲಿತ ವಿದ್ಯೆ ಕೈಗೆಟುಕುವ ದೂರದಲ್ಲೇ ಇದೆ. 2018ರ ಸೆಪ್ಟೆಂಬರಿನಿಂದ ಆಸ್ಟ್ರೋಸ್ಯಾಟಿನ ಹಳೆಯ ದತ್ತಾಂಶವನ್ನು ಇಸ್ರೋ ಎಲ್ಲರಿಗೂ ತೆರೆದಿಟ್ಟಿದೆ. ಹೆಸರು ನೋಂದಾಯಿಸಿಕೊಂಡರೆ ಇಳಿಸಿಕೊಳ್ಳಬಹುದು. ಅದನ್ನು ಶುಚಿ ಮಾಡುವ ತಂತ್ರಾಂಶವೂ ಬಿಟ್ಟಿ. ಬೇಕಾದದ್ದು ಒಂದು ಸಾಧಾರಣ ಗಣಕ, ಸ್ವಲ್ಪ ಪ್ರೋಗ್ರಾಮಿಂಗ್, ಬಹಳಷ್ಟು ತಾಳ್ಮೆ. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಕೋಲಾರದ ಕಾಲೇಜುಗಳಲ್ಲಿ ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಹೇಳಿಕೊಡುವ ಮೇಷ್ಟ್ರುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಬರುವ ವರ್ಷ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಒಂದು ತಂಡಕ್ಕಾದರೂ ಈ ದತ್ತಾಂಶ ಕೊಡಿ. ಕೊಡುವ ಮೊದಲು ಆ ಮಕ್ಕಳನ್ನು ಚಾಂಪಿಯನ್ ರೀಫ್ಸ್‌ಗೆ ಕರೆದುಕೊಂಡು ಹೋಗಿ, 1965ರಲ್ಲಿ ಅವರ ಅಜ್ಜಂದಿರು ಕೇಜಿನಲ್ಲಿ ಇಳಿಸಿದ್ದು ಏನನ್ನು ಎಂದು ಹೇಳಿ.